ಹುಡುಗನ ಮಾವ ಹಾಕಿದ ನನ್ನ ಸಂಬಳದ ಲೆಕ್ಕ

ಎರಡು ಸಾವಿರದ ಮೂರರ ಸುಮಾರಿಗೆ ನಾನು ಹೊನ್ನಾವರದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಆದಾಯ ತೆರಿಗೆ ಕಲಿಸುತ್ತಿದ್ದೆ. ಮನೆ ಕುಮಟಾದಲ್ಲಿ; ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ವರ್ಷ ಭಟ್ಕಳದಿಂದ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ. ಜಾತಕ ಕೂಡಿತ್ತು, ಫೋಟೋ ಒಪ್ಪಿಗೆಯಾಗಿತ್ತು. ತೀರ್ಮಾನವಾಗಬೇಕಿದ್ದದ್ದು ಒಂದೇ: ಮದುವೆಯ ನಂತರ ನಾನು ಕೆಲಸದಲ್ಲಿ ಮುಂದುವರಿಯಬಹುದೋ, ಬಿಡಬೇಕೋ. ಕಡಿತವೆಲ್ಲ ಹೋಗಿ ನನ್ನ ಕೈಗೆ ಎಷ್ಟು ಬರುತ್ತದೆಂದು ಹುಡುಗನ ಸೋದರಮಾವ ಲೆಕ್ಕ ಹಾಕಿ ಆ ತೀರ್ಮಾನ ತಿಳಿಸುತ್ತಾರೆಂದು ಮಧ್ಯಸ್ಥರು ಹೇಳಿದರು. ನನ್ನನ್ನು ಕೇಳಿದ್ದರೆ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು. ಯಾರೂ ಕೇಳಲಿಲ್ಲ.

ಈ ಮಾವ ಸರಕಾರಿ ಕಚೇರಿಯೊಂದರಲ್ಲಿ ಸಂಬಳದ ಬಿಲ್ಲು ಬರೆದು ನಿವೃತ್ತರಾದವರು. ಮದುವೆ ಊಟದ ಪಂಕ್ತಿಯಲ್ಲಿ ಕೂತಲ್ಲೇ ಪಕ್ಕದವನ ಸಂಬಳ ಬಿಡಿಸಿ ಹೇಳುವರೆಂದು ಅವರಿಗೆ ಖ್ಯಾತಿ ಇತ್ತು. ಇಂಥದ್ದಕ್ಕೂ ಖ್ಯಾತಿ ಬರುತ್ತದೆ. ನಮ್ಮ ಕಡೆಯ ನೌಕರರು ಸಂಬಳ ಹೇಳುವಾಗ ಮೂಲವೇತನವನ್ನಷ್ಟೇ ಹೇಳುತ್ತಾರೆ. 'ಬೇಸಿಕ್ ಎಷ್ಟು?' ಎಂದು ಕೇಳಿದವನು ತುಟ್ಟಿಭತ್ಯೆ, ಮನೆಬಾಡಿಗೆ ತಾನೇ ಸೇರಿಸಿ, ತೆರಿಗೆ, ಪಿ.ಎಫ್. ತಾನೇ ಕಳೆದು, ಎದುರಿಗಿದ್ದವನ ಯೋಗ್ಯತೆಯನ್ನು ಮನಸ್ಸಿನಲ್ಲೇ ಗೊತ್ತುಮಾಡಿಕೊಳ್ಳುತ್ತಾನೆ. ನೇರವಾಗಿ ಕೇಳುವುದು ಅಸಭ್ಯ, ಹೀಗೆ ಬಳಸಿ ಇಣುಕುವುದು ಮರ್ಯಾದೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಭಾನುವಾರ ಹುಡುಗ, ಅವನ ತಾಯಿ, ಮಾವ ನಮ್ಮ ಮನೆಗೆ ಬಂದರು. ಹುಡುಗ ಶಿರಾ ತಟ್ಟೆಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತ. ಮಾವ ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ತಂಗೀ, ಸಂಬಳ ಎಷ್ಟು ನಿಂಗೆ?"

"ಆರೂವರೆ ಸಾವಿರ."

"ಹಾಂ, ಬೇಸಿಕ್ ಆರೂವರೆ."

"ಬೇಸಿಕ್ ಅಲ್ಲ..."

"ನೀ ಸುಮ್ನಿರು ಮಾರಾಯ್ತಿ, ನಾ ಹೇಳ್ತೆ." ಕಣ್ಣು ಮುಚ್ಚಿಕೊಂಡರು, ದೇವರು ಮೈಮೇಲೆ ಬರುವವರ ಹಾಗೆ. "ಇದ್ರ ಮೇಲೆ ಡಿ.ಎ., ಮತ್ತೆ ಎಚ್.ಆರ್.ಎ. ಹತ್ತು ದಾಟ್ತು. ಈಗ ಕಳೀವ. ಪಿ.ಎಫ್. ಹೋತು, ವೃತ್ತಿ ತೆರಿಗೆ ಹೋತು, ಇನ್‌ಕಮ್ ಟ್ಯಾಕ್ಸು ತಿಂಗ್ಳಿಗೆ ಒಂದಿಷ್ಟು ಹೋತು..." ಕಣ್ಣು ತೆರೆದರು. "ಒಂಬತ್ತು. ಕೈಗೆ ಒಂಬತ್ತು ಸಾವಿರ."

ಆರೂವರೆ ಸಾವಿರ ಸಂಬಳದಲ್ಲಿ ಎಲ್ಲ ಕಡಿತ ಹೋಗಿ ಒಂಬತ್ತು ಸಾವಿರ ಉಳಿದಿತ್ತು. ಕೋಣೆಯಲ್ಲಿದ್ದ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಪ್ರತಿ ತಿಂಗಳೂ ನನ್ನ ಪಾಸ್‌ಬುಕ್ ತೆಗೆದುಕೊಂಡು ಬ್ಯಾಂಕಿಗೆ ಹೋಗುತ್ತಿದ್ದ ಅಪ್ಪ ಕೈ ಜೋಡಿಸುವುದೊಂದು ಬಾಕಿ.

"ನಿಮ್ಮ ಲೆಕ್ಕ ಅಂದ್ರೆ ತಪ್ಪೂದುಂಟಾ?" ಎಂದ.

ಹುಡುಗ ಶಿರಾ ತಟ್ಟೆಯಿಂದ ಕಣ್ಣೆತ್ತದೆ, "ಹಂಗಾರೆ ಕೆಲ್ಸ ಬಿಡೂದು ಬೇಡ ಅಲ್ದ ಮಾವ?" ಎಂದು ಕೇಳಿದ. ನನ್ನ ಕೆಲಸದ ವಿಚಾರವನ್ನು ಮಾವನಲ್ಲಿ ಕೇಳಿದ.

"ಎಂತಕ್ಕೆ ಬಿಡೂದು? ಹೆಂಡ್ತಿ ಟ್ಯಾಕ್ಸು ಕಟ್ತದೆ ಹೇಳಿ ನಾಕು ಜನರ ಹತ್ರ ಹೇಳ್ಕಳ್ಳುಕೆ ಆಗ್ತದೆ ನಿಂಗೆ!" ಎಲ್ಲರೂ ನಕ್ಕರು.

ನಾನು ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು, ಮದುವೆಯೂ ಆಗುತ್ತಿತ್ತು. ಬಾಗಿಲ ಹಿಂದಿನಿಂದ ಅಮ್ಮ ಸುಮ್ಮನಿರೆಂದು ಸನ್ನೆ ಮಾಡುತ್ತಿದ್ದಳು. ಆದರೆ ಆಮೇಲೆ ತಿಂಗಳು ತಿಂಗಳೂ ಆ ಮನೆಯಲ್ಲಿ ಒಂಬತ್ತು ಸಾವಿರ ಒಪ್ಪಿಸಬೇಕಾದವಳು ನಾನು. ಮಿಕ್ಕದ್ದು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವಳೂ ನಾನೇ.

"ಆರೂವರೆ ಅಂದ್ರೆ ಪೂರ್ತಿ ಸಂಬಳ. ಅದರ ಮೇಲೆ ಎಂತದೂ ಇಲ್ಲ. ಪಿ.ಎಫ್., ವೃತ್ತಿ ತೆರಿಗೆ ಹೋಗಿ ಕೈಗೆ ಬರೂದು ಐದು ಸಾವಿರದ ಆರ್ನೂರು ಚಿಲ್ರೆ," ಎಂದೆ.

ಮಾವ ನಕ್ಕರು. "ಡಿ.ಎ. ಇಲ್ದೆ ಸಂಬಳ ಇರ್ತದ್ಯಾ?"

"ಇರ್ತದೆ."

"ಟ್ಯಾಕ್ಸು?"

"ಇಷ್ಟು ಸಂಬಳಕ್ಕೆ ಟ್ಯಾಕ್ಸು ಬೀಳೂದಿಲ್ಲ."

ಡಿ.ಎ. ಇಲ್ಲವೆಂದಾಗ ಕುಂದದ ಮುಖಗಳು ತೆರಿಗೆ ಇಲ್ಲವೆಂದಾಗ ಕುಂದಿದವು. ಹುಡುಗನ ತಾಯಿ ನನ್ನ ಕೈಬಳೆಗಳನ್ನು ಇನ್ನೊಮ್ಮೆ ನೋಡಿದರು. ಮಾವ ಮಾತ್ರ ಸೋಲುವ ಜಾತಿಯವರಲ್ಲ.

"ಹಂಗಾರೆ ಭಟ್ಕಳದಿಂದ ದಿನಾ ಎಂತಕ್ಕೆ ಬಸ್ಸಿಗೆ ದುಡ್ಡು ಹಾಕೂದು? ಬಿಟ್ಬಿಡ್ಲಿ. ಮದ್ವೆಗೆ ಹೇಳಿ ರಾಜೀನಾಮೆ ಕೊಟ್ರೆ ಹೆಣ್ಮಕ್ಕಳಿಗೆ ಪಿ.ಎಫ್. ಬೇಗ ಸಿಕ್ತದೆ. ಮದ್ವೆ ಊಟದ ಖರ್ಚಿಗೆ ಆತು."

ಆ ಮಧ್ಯಾಹ್ನ ಅವರ ಬಾಯಿಂದ ಬಂದ ಸರಿಯಾದ ಮಾತು ಅದೊಂದೇ. ಪಿ.ಎಫ್. ನಿಯಮ ಹಾಗೆಯೇ ಇತ್ತು. ನನ್ನ ಕೈಗೆ ಎಷ್ಟು ಬರುತ್ತದೆಂದು ತಿಳಿಯದವರಿಗೆ ನನ್ನಿಂದ ಎಷ್ಟು ಕಿತ್ತುಕೊಳ್ಳಬಹುದೆಂಬುದು ಪಕ್ಕಾ ಗೊತ್ತಿತ್ತು.

"ಆತು, ಹಂಗೇ ಮಾಡ್ವ," ಎಂದ ಅಪ್ಪ, ಆಗಲೇ ಊಟದ ಎಲೆ ಹಾಕಿದವನ ಹಾಗೆ.

"ನಾ ಕೆಲ್ಸ ಬಿಡೂದಿಲ್ಲ," ಎಂದೆ.

ಆಗ ಹುಡುಗ ಮೊದಲ ಸಲ ನನ್ನ ಮುಖ ನೋಡಿದ. ಅವನ ನೋಟದಲ್ಲಿ ಸಿಟ್ಟಾದರೂ ಇದ್ದಿದ್ದರೆ ಗೌರವ ಕೊಡುತ್ತಿದ್ದೆ. ತಟ್ಟೆಯಲ್ಲಿ ಶಿರಾ ಮುಗಿದಿತ್ತು, ಅಷ್ಟೇ. "ಕೇಳಿ ಹೇಳ್ತೆ," ಎಂದು ಮಾವ ಎದ್ದರು. ಯಾರು ಯಾರನ್ನು ಕೇಳಿ ಹೇಳುವುದೋ, ಬೇಕಾದವರೆಲ್ಲ ಅಲ್ಲೇ ಇದ್ದರು.

ಆ ವಾರವೇ ಮಧ್ಯಸ್ಥರ ಕೈಲಿ ಸುದ್ದಿ ಬಂತು: ಜಾತಕದಲ್ಲಿ ಏನೋ ದೋಷ ಕಾಣಿಸಿದೆಯಂತೆ. ಸಂಬಳ ಒಂಬತ್ತು ಸಾವಿರವಿದ್ದಾಗ ಸರಿಯಾಗಿಯೇ ಇದ್ದ ಗ್ರಹಗಳು ಐದು ಸಾವಿರದ ಆರುನೂರಕ್ಕೆ ಜಾಗ ಬದಲಿಸಿದ್ದವು.

"ಬಾಯಿ ಮುಚ್ಕಂಡು ಇದ್ದಿದ್ರೆ ಸಂಬಂಧ ಆಗ್ತಿತ್ತು," ಎಂದ ಅಪ್ಪ.

"ತಿಂಗ್ಳು ತಿಂಗ್ಳು ಕಮ್ಮಿ ಬಿದ್ದ ದುಡ್ಡು ನೀ ಕೊಡ್ತಿದ್ಯಾ?"

ಅಪ್ಪ ಪೇಪರು ಬಿಡಿಸಿಕೊಂಡ. ಆ ವಿಚಾರ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಆದರೆ ಅಪ್ಪನಿಗೆ ಮಾವನ ಲೆಕ್ಕ ಬಹಳ ಹಿಡಿಸಿಬಿಟ್ಟಿತ್ತು. ಸ್ವಲ್ಪ ದಿನಕ್ಕೆ ಅಂಕೋಲೆಯ ಕಡೆಯ ಸಂಬಂಧವೊಂದನ್ನು ಹಿಡಿದು ಬೇರೆ ಮಧ್ಯಸ್ಥರು ಬಂದು ಜಗಲಿಯಲ್ಲಿ ಕೂತು, "ಹುಡುಗಿಗೆ ಎಷ್ಟು ಬತ್ತದೆ?" ಎಂದು ಕೇಳಿದಾಗ ಅಪ್ಪ ಒಂದಿಷ್ಟೂ ತಡೆಯದೆ ಹೇಳಿದ:

"ಎಲ್ಲ ಕಟ್ ಆಗಿ ಕೈಗೆ ಒಂಬತ್ತು."

ನಾನು ಒಳಗೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಜೋರಾಗಿ ಮಾತಾಡುವ ಅಭ್ಯಾಸ ನನಗಿಲ್ಲ. ಅಂದು ಪಕ್ಕದ ಮನೆಗೂ ಕೇಳುವ ಹಾಗೆ ಕೂಗಿದೆ:

"ಐದು ಸಾವಿರದ ಆರ್ನೂರು! ಕೆಲ್ಸ ಬಿಡೂದಿಲ್ಲ, ಅದೂ ಹೇಳು!"

ಜಗಲಿಯಲ್ಲಿ ಮಧ್ಯಸ್ಥರು ದನಿ ತಗ್ಗಿಸಿ ಅಪ್ಪನನ್ನು ಕೇಳಿದರು:

"ಹುಡುಗಿ ಮನೆಲೇ ಉಂಟಾ?"