ಎಂಬತ್ತೆರಡು ಸಾಲಿನ ಅಂಚೆಪೆಟ್ಟಿಗೆ

ಒಂದು ಅಂಚೆಪೆಟ್ಟಿಗೆಯ ಮೇಲೆ ಎಷ್ಟು ಹೆಸರು ಬರೆಯಬಹುದು ಎಂಬುದು ಸದ್ಯ ಈ ನಾಡಿನ ಮುಂದಿರುವ ಅತ್ಯಂತ ಗಹನವಾದ ಪ್ರಶ್ನೆ. ಇದನ್ನು ಬಗೆಹರಿಸಲು ಚರ್ಚಿನ ಆಡಳಿತ ಸಮಿತಿ ಮೂರು ಸಲ ಸಭೆ ಸೇರಿದೆ. ಮೂರು ಸಲವೂ ಚಹಾ ಮುಗಿದ ಕೂಡಲೇ ಮುಂದೂಡಿದೆ.

ಬೆಳಗಿನ ಆರು ಗಂಟೆ. ಪ್ರಾರ್ಥನೆಯ ಗಂಟೆ ಹೊಡೆದು ಬಂದ ಗಂಟೆಮಾವ ಗೇಟಿನ ಪಕ್ಕದ ತಗಡಿನ ಪೆಟ್ಟಿಗೆಯೆದುರು ಸ್ಟೂಲು ಹಾಕಿ ಕೂತಿದ್ದಾರೆ. ಕೈಯಲ್ಲಿ ಕೂದಲುದುರಿದ ಬ್ರಶ್ಶು, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ಇಪ್ಪತ್ತಾರು ವರ್ಷದಿಂದ ಗಂಟೆ ಹೊಡೆಯುವುದು, ಬೆಂಚು ಒರೆಸುವುದು, ಗೋರಿಗಳ ನಡುವಿನ ಹುಲ್ಲು ಕೀಳುವುದು ಅವರ ನೌಕರಿ. ಈಗ ಬರೆಯುತ್ತಿರುವ ಎಂಬತ್ತೆರಡನೆಯ ಸಾಲು ಯಾರೂ ಹೇಳದ ಕೆಲಸ.

ಗಡಿ ದಾಟಿ ಬಂದವರು ಆಶ್ರಯ ಕೋರಿ ಅರ್ಜಿ ಹಾಕಿದರೆ ವಲಸೆ ಕಚೇರಿ ಮೊದಲು ಕೇಳುವುದು ವಿಳಾಸವನ್ನು. ವಿಳಾಸವಿದ್ದಿದ್ದರೆ ಅವರೇಕೆ ಬರುತ್ತಿದ್ದರು ಎಂಬುದು ಕಚೇರಿಗೆ ಹೊಳೆದಿಲ್ಲ. ಅವರೆಲ್ಲ ಚರ್ಚಿನ ವಿಳಾಸ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವನು ಕಾಗದ ಹಾಕುವಂತಿಲ್ಲ. ವಿಚಾರಣೆಯ ಕಾಗದ ಕೈಸೇರದೆ ದಿನ ತಪ್ಪಿತೋ, ಅರ್ಜಿ ವಜಾ, ಮನುಷ್ಯ ವಾಪಸ್.

ಇರುವುದು ನಲವತ್ತೊಂದು ಮಂದಿ. ಸಾಲು ಎರಡರಷ್ಟೇಕೆ?

"ಕಚೇರಿಯೋರು ಒಂದ್ಸಲ ಅರ್ಜಿದಾರನ ಹೆಸರು ಮೊದಲು ಬರೀತಾರೆ, ಇನ್ನೊಂದ್ಸಲ ಅವನ ಅಪ್ಪನ ಹೆಸರು. ಅವತ್ತೊಂದು ಕಾಗದದ ಮೇಲೆ ಅಪ್ಪನ ಹೆಸರು ಮೊದಲಿತ್ತು. ಇಂಥೋರು ಇಲ್ಲಿ ಯಾರೂ ಇಲ್ಲಪ್ಪ ಅಂತ ನಾನೇ ವಾಪಸ್ ಕಳಿಸ್ಬಿಟ್ಟೆ." ಬ್ರಶ್ಶು ನಿಲ್ಲುತ್ತದೆ. "ಅದು ಒಬ್ಬ ಬಡಗೀದು. ಅವನು ಇಲ್ಲೇ ಒಳಗೆ ಬೆಂಚಿನ ಕಾಲು ಸರಿ ಮಾಡ್ತಾ ಕಾಯ್ತಿದ್ದ. ಅಲ್ಲಿಂದಲೇ ಕರ್ಕೊಂಡು ಹೋದ್ರು. ಆಮೇಲಿಂದ ಎರಡು ಥರಾನೂ ಬರೀತೀನಿ."

ಗೇಟಿನಾಚೆಯಿಂದ ದರ್ಜಿ ಹೆಂಗಸು ಇಣುಕುತ್ತಾಳೆ. ಮಗಳನ್ನು ಕಟ್ಟಿಕೊಂಡು ಎರಡು ಗಡಿ ದಾಟಿದವಳು. ಐದು ತಿಂಗಳಿಂದ ವಿಚಾರಣೆಯ ಕಾಗದಕ್ಕೆ ಕಾದಿದ್ದಾಳೆ.

"ಮಾವ, ಬಂತಾ?"

"ಅಂಚೆಯವನಿಗೇ ಇನ್ನೂ ಬೆಳಗಾಗಿಲ್ಲ ಕಣಮ್ಮ, ಕಾಗದಕ್ಕೇನು ಕಾಲಿದೆಯಾ?"

ಚಹಾ ತಂದ ಮಾವನ ಹೆಂಡತಿ ಗೊಣಗುತ್ತಾರೆ: "ನಮ್ಮನೆ ಬಾಗಿಲಿಗೆ ಒಂದು ಹೆಸರು ಬರೆದಿಲ್ಲ ಈ ಮಹಾರಾಯ."

"ನಿನ್ನ ಹುಡುಕ್ಕೊಂಡು ಯಾರು ಬರ್ಬೇಕಾಗಿತ್ತೇ?"

ಭಾನುವಾರ ನಾಲ್ಕನೆಯ ಸಭೆ. ಅಧ್ಯಕ್ಷರು ಗಂಟೆಮಾವನನ್ನು ಕರೆಸಿ ಮೇಜು ಗುದ್ದುತ್ತಾರೆ. "ಇದೇನು ಚರ್ಚೋ, ಛತ್ರವೋ? ನಮ್ಮ ಸದಸ್ಯರಲ್ಲದವರ ಹೆಸರೆಲ್ಲ ಇವತ್ತೇ ಕೆರೆದು ಹಾಕು." ಕಿಟಕಿಯಾಚೆ ದರ್ಜಿ ಹೆಂಗಸು ನಿಂತಿದ್ದಾಳೆ. ಹೆಸರು ಹೋದರೆ ಅವಳ ಕಾಗದವೂ ಬಡಗಿಯ ಕಾಗದದ ದಾರಿ ಹಿಡಿಯುತ್ತದೆ.

"ಯೇಸುಸ್ವಾಮೀನೂ ಕೂಸಾಗಿದ್ದಾಗ ಗಡಿ ದಾಟಿಸಿದ್ರು," ಎನ್ನುತ್ತಾರೆ ಗಂಟೆಮಾವ. "ಅವರ ಮನೆಯೋರು ಕಾಗದಕ್ಕೆ ಯಾರ ವಿಳಾಸ ಕೊಟ್ಟಿದ್ರೋ."

"ಉಪದೇಶಕ್ಕೆ ಪಾದ್ರಿಗಳಿದ್ದಾರೆ. ನೀನು ಕೆರಿ."

"ಕೆರೀತೀನಿ ಸ್ವಾಮಿ. ಹಳೇದರಿಂದಲೇ ಶುರು ಮಾಡ್ಲಾ? ಎಲ್ಲದಕ್ಕೂ ಅಡಿಯಲ್ಲಿ ನಿಮ್ಮ ತಾತನೋರ ಹೆಸರಿದೆ. ಅವರು ಹಡಗಿಂದ ಇಳಿದ ವಾರ, ಆಗ ಇಲ್ಲಿ ಗಂಟೆ ಹೊಡೀತಿದ್ದ ನಮ್ಮಪ್ಪ ಬರೆದಿದ್ದು. ಬಣ್ಣ ಗಟ್ಟಿ, ಇನ್ನೂ ಓದಕ್ಕೆ ಬರತ್ತೆ."

ಅಧ್ಯಕ್ಷರು ಚಹಾ ತರಿಸುತ್ತಾರೆ. ಪಾದ್ರಿಗಳು ಕೆಮ್ಮುತ್ತಾರೆ. ಸಭೆ ಮುಂದಿನ ವಿಷಯಕ್ಕೆ, ಅಂದರೆ ಸೋರುವ ನಲ್ಲಿಗೆ, ಹೊರಳುತ್ತದೆ.

ಮಾವನಿಗೆ ದೊಡ್ಡ ಆಸೆಗಳಿಲ್ಲ. "ಪೆಟ್ಟಿಗೆ ಇನ್ನೊಂದು ಗೇಣು ಅಗಲ ಇದ್ದಿದ್ರೆ ಚೆನ್ನಾಗಿತ್ತು," ಅನ್ನುತ್ತಾರೆ. "ಇಲ್ದಿದ್ರೂ ಸರಿ, ಅಕ್ಷರ ಸಣ್ಣದು ಮಾಡ್ತೀನಿ."

ಗುರುವಾರ ದರ್ಜಿ ಹೆಂಗಸಿನ ಕಾಗದ ಬಂತು. ಅದರ ಮೇಲೆ ಅವಳ ಅಪ್ಪನ ಹೆಸರು ಮೊದಲಿತ್ತು. ವಿಚಾರಣೆಗೆ ಇನ್ನೂ ಒಂಬತ್ತು ದಿನವಿತ್ತು.