ಒಂಬತ್ತು ನಿಮಿಷಕ್ಕೆ ಬರುತ್ತಿದ್ದ ಕತ್ತೆ

ಬೆಳಗಿನ ಆರೂಕಾಲು. ನಾಲ್ಕನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಹನ್ನೊಂದು ಮೇಜು, ಹನ್ನೊಂದು ಪರದೆ. ಬೆಳಕಿರುವುದು ಕಿಟಕಿಯ ಪಕ್ಕದ ಒಂದರಲ್ಲಿ ಮಾತ್ರ. ಆ ಪರದೆಯೊಳಗೆ ಒಂದು ಬೆಟ್ಟದೂರು, ಅಲ್ಲಿ ಅಂಚೆಚೀಲ ಹೊತ್ತ ಹೆಂಗಸೊಬ್ಬಳು ಕಲ್ಲುಗೋಡೆಗೆ ಮೂಗು ಆನಿಸಿಕೊಂಡು ನಡೆಯುತ್ತಿದ್ದಾಳೆ. ಗೋಡೆ ದಾರಿ ಬಿಡುವುದಿಲ್ಲ, ಇವಳು ಹಟ ಬಿಡುವುದಿಲ್ಲ. ಒಂದು ಹೆಜ್ಜೆ ಬಲಕ್ಕೆ ಸರಿದು ಮತ್ತೆ ತಳ್ಳುತ್ತಾಳೆ, ಇನ್ನೊಂದು ಹೆಜ್ಜೆ ಸರಿದು ಮತ್ತೆ. ಊರಿನಲ್ಲಿ ನಲವತ್ತಾರು ಮನೆಗಳಿವೆ, ಮನೆಗೆ ನಾಲ್ಕು ಹೊರಗೋಡೆ. ಮಧ್ಯಾಹ್ನದೊಳಗೆ ಅಷ್ಟನ್ನೂ ತಳ್ಳಿ ಮುಗಿಸಬೇಕು.

ತಳ್ಳಿಸುತ್ತಿರುವವರು ನಲವತ್ತೆಂಟರ ಒಬ್ಬ ಮಹಿಳೆ. ಕೊರಳಿನ ಗುರುತಿನ ಚೀಟಿಯಲ್ಲಿ 'ಗುಣಮಟ್ಟ ಪರೀಕ್ಷಕಿ' ಎಂದಿದೆ, ಕಚೇರಿಯವರ ಬಾಯಲ್ಲಿ ಮಾತ್ರ ಅವರು 'ಗೋಡೆಯಕ್ಕ'. ವಿಡಿಯೊ ಗೇಮು ಅಂಗಡಿಗೆ ಬರುವ ಮೊದಲು, ಬಂದ ಮೇಲೆ ತಿದ್ದಿದಾಗಲೆಲ್ಲ, ಅದರ ಪ್ರತಿ ಗೋಡೆ, ಮೆಟ್ಟಿಲು, ಕದ, ಬೇಲಿ ಇವರ ಕೈ ದಾಟಿ ಹೋಗಬೇಕು. ಎಲ್ಲೋ ಒಂದು ಕಡೆ ಗೋಡೆ ಬಿಟ್ಟುಕೊಟ್ಟು ಹೆಂಗಸು ಕಲ್ಲಿನೊಳಗೆ ತೂರಿಕೊಂಡರೆ ಅದನ್ನು ದೋಷಪಟ್ಟಿಗೆ ಬರೆಯಬೇಕು. "ಆಡೋರು ಬಾಗಿಲು ಎಲ್ಲಿದೆ ಅಂತ ಹುಡುಕ್ತಾರೆ," ಎನ್ನುತ್ತಾರೆ, ಕಣ್ಣು ಪರದೆಯಿಂದ ತೆಗೆಯದೆ. "ನಾನು ಬಾಗಿಲಿಲ್ದೇ ಇರೋ ಕಡೆ ಹೋಗಕ್ಕಾಗುತ್ತಾ ಅಂತ ಹುಡುಕ್ತೀನಿ."

ಆಟ ಆಡಿ ಸಂಬಳ ಎಣಿಸುವ ಪುಣ್ಯವಂತೆ ಎಂದು ಮೂಗು ಮುರಿಯುವವರು ಇದ್ದಾರೆ. ಅಂಥವರನ್ನು ತಂದು ಒಂದು ದಿನ ಈ ಕುರ್ಚಿಯಲ್ಲಿ ಕೂರಿಸಬೇಕು. ಒಂದೇ ಕದವನ್ನು ಇನ್ನೂರು ಸಲ ತೆರೆದು ಇನ್ನೂರು ಸಲ ಮುಚ್ಚುವುದು, ಒಂದೇ ಮೆಟ್ಟಿಲಿನಿಂದ ಮುನ್ನೂರು ಸಲ ಜಿಗಿಯುವುದು ಆಟವೆನಿಸುತ್ತದೆಯೇ ಎಂದು ಸಂಜೆ ಕೇಳಬೇಕು. ಕತ್ತೆ ಚಾಕರಿ ಅನ್ನುವ ಮಾತು ಇಂಥದ್ದಕ್ಕೇ ಹುಟ್ಟಿದ್ದು. ಗೋಡೆಯಕ್ಕನ ಬಲಗೈ ಹೆಬ್ಬೆರಳಿಗೆ ಸದಾ ಬಟ್ಟೆಯ ಪಟ್ಟಿ ಸುತ್ತಿರುತ್ತದೆ. ಕಳೆದ ಹನ್ನೆರಡು ತಿಂಗಳಲ್ಲಿ ಅವರು ಹಿಡಿದುಕೊಟ್ಟ ದೋಷಗಳು ನಾಲ್ಕು ಸಾವಿರದ ಮುನ್ನೂರ ಹನ್ನೆರಡು.

ಅವರೇನೂ ಕಂಪ್ಯೂಟರ್ ಕಲಿತು ಬಂದವರಲ್ಲ. ಹದಿನೇಳು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆ ಮಾಡುತ್ತಿದ್ದರು. ಅಂಗಿಯ ಒಳಭಾಗ ಹೊರಗೆ ಮಾಡಿ, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆದು, ಎಲ್ಲಿ ದಾರ ಬಿಟ್ಟಿದೆ ಎಂದು ಹೇಳುವ ಕೆಲಸ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಎಂಟು ವರ್ಷದ ಹಿಂದೆ, ಯಾರೋ ಹೇಳಿದರೆಂದು ಇಲ್ಲಿ ಸಂದರ್ಶನಕ್ಕೆ ಬಂದರು. "ಯಾವ ಆಟ ಆಡಿ ಅಭ್ಯಾಸ ಇದೆ ಅಂತ ಕೇಳಿದ್ರು. ಕಣ್ಣಾಮುಚ್ಚಾಲೆ ಅಂದೆ. ನಗ್ತಾ ನಗ್ತಾನೇ ತಗೊಂಡ್ರು. ಹೊಲಿಗೆ ನೋಡಿದ ಕಣ್ಣು, ಬಿಟ್ಟಿರೋ ಜಾಗಕ್ಕೆ ತಾನಾಗೇ ಹೋಗುತ್ತೆ."

ಕೋಣೆಯಲ್ಲಿ ಹನ್ನೊಂದು ಜನ ಇದ್ದರೂ ಮಾತು ಕಡಿಮೆ. ಎಲ್ಲರ ಕಿವಿಗೂ ಹೆಡ್‌ಫೋನು, ಒಬ್ಬೊಬ್ಬರಿಗೆ ಒಂದೊಂದು ಆಟ. ಮೇಲಾಗಿ, ಬಿಡುಗಡೆಗೆ ಮುನ್ನ ಏನನ್ನೂ ಯಾರಿಗೂ ಹೇಳುವುದಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದ್ದಾರೆ. ಗೋಡೆಯಕ್ಕನ ಮನೆ ಎರಡು ಕೋಣೆಯದು. ಒಳಕೋಣೆಯಲ್ಲಿ ಎರಡು ಮಂಚ, ಒಂದು ತಂಗಿಯದು. ನಾಲ್ಕು ವರ್ಷದ ಹಿಂದೆ ತಂಗಿ ಮದುವೆಯಾಗಿ ಹೋದಳು. ಆ ಮಂಚದ ಮೇಲೆ ಈಗ ಒಗೆದ ಬಟ್ಟೆ ರಾಶಿ ಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಅವಳ ಫೋನು ಬರುತ್ತದೆ, ಏನು ಮಾಡಿದೆ ಅಂದರೆ ಗೋಡೆ ತಳ್ಳಿದೆ ಎನ್ನುವುದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ. ಹಿಂದಿನಿಂದ ತಂಗಿಯ ಗಂಡ ಕೂಗಿ ಕೇಳುತ್ತಾನೆ, "ಅತ್ತಿಗೆ, ಇನ್ನೂ ಗೋಡೆಗೆ ತಲೆ ಚಚ್ಕೊತಾನೇ ಇದೀರಾ?" ಅವರು ನಗುತ್ತಾರೆ. ಫೋನು ಇಟ್ಟ ಮೇಲೆ ಆ ನಗು ಉಳಿಯುವುದಿಲ್ಲ.

ಒಂಟಿತನದ ಮಾತನ್ನು ಬೇರೆಯವರು ಸುತ್ತಿ ಬಳಸಿ ಆಡುತ್ತಾರೆ. ಗೋಡೆಯಕ್ಕನಿಗೆ ಆ ಸಂಕೋಚವಿಲ್ಲ. "ಶುಕ್ರವಾರ ಸಂಜೆ ಯಾರ ಹತ್ರಾನೋ ಬರ್ತೀನಿ ಅಂತ ಹೇಳಿ ಹೊರಟ್ರೆ, ಸೋಮವಾರ ಬೆಳಿಗ್ಗೆ ಬಾಗಿಲ ಹತ್ರ ಕಾವಲುಗಾರರಿಗೆ ನಮಸ್ಕಾರ ಅಂತೀನಿ. ಮಧ್ಯದಲ್ಲಿ ಮಾತೇ ಇಲ್ಲ. ಗಂಟಲು ಕಟ್ಟಿರುತ್ತೆ, ಕೆಮ್ಮಿ ಸರಿ ಮಾಡ್ಕೊಂಡು ಮಾತಾಡ್ಬೇಕು."

ವರ್ಷದ ಕೊನೆ ಬಂತೆಂದರೆ ಎಲ್ಲ ಕಡೆಯೂ ಪಟ್ಟಿಗಳ ಸುಗ್ಗಿ. ವರ್ಷದ ಅತ್ಯುತ್ತಮ ಆಟ ಯಾವುದು, ಅತಿ ಕಳಪೆ ಯಾವುದು ಎಂದು ಆಡಿದವರೂ ಆಡದವರೂ ಷರಾ ಬರೆಯುತ್ತಾರೆ. ದಿನಕ್ಕೆ ಎಂಟೂವರೆ ಗಂಟೆ ಆಡುವ ಈ ಹೆಂಗಸನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಈಗ ಕೇಳಿದರೆ, ಅವರು ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಾರೆ. "ಒಳ್ಳೇದು, ಕೆಟ್ಟದು, ಎರಡೂ ಒಂದೇ ಆಟದಲ್ಲಿ ಆಯ್ತು," ಎನ್ನುತ್ತಾರೆ. "ಇದೇ ಆಟ."

ಅಂಚೆಯವಳೊಬ್ಬಳು ಕತ್ತೆಯ ಮೇಲೆ ಮೂಟೆ ಹೇರಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಕಾಗದ ಹಂಚುವ ಸಣ್ಣ ಆಟ ಅದು. ಗುದ್ದಾಟವಿಲ್ಲ, ಗುಂಡಿಲ್ಲ. ದಣಿದಾಗ ಕತ್ತೆಯನ್ನು ಗೂಟಕ್ಕೆ ಕಟ್ಟಿದರೆ ಅಲ್ಲಿಯವರೆಗಿನ ಪಯಣ ಉಳಿದುಕೊಳ್ಳುತ್ತದೆ, ಮರುದಿನ ಅದೇ ಗೂಟದಿಂದ ಮುಂದುವರಿಸಬಹುದು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗೋಡೆಯಕ್ಕ ಆಟವನ್ನು ಹಾಗೇ ಬಿಟ್ಟು ಊಟದ ಡಬ್ಬಿ ತೊಳೆಯಲು ಹೋಗುತ್ತಾರೆ. ಬಂದು ನೋಡಿದರೆ ಕತ್ತೆ ಗೂಟದಲ್ಲಿಲ್ಲ. ಊರಾಚೆಯ ಕಟ್ಟೆಯ ಮೇಲೆ ಕೂತ ಅಂಚೆಯವಳ ಹಿಂದೆ ನಿಂತು, ಅವಳ ಹೆಗಲ ಮೇಲೆ ತಲೆ ಇಟ್ಟಿದೆ.

ಯಾರೂ ಹಾಗೆ ಮಾಡು ಎಂದು ಅದಕ್ಕೆ ಹೇಳಿರಲಿಲ್ಲ. ಹುಲ್ಲಿನ ಬುಟ್ಟಿಗೆ ತಲೆ ಬಗ್ಗಿಸುವ ಚಲನೆ ಎಲ್ಲೋ ತಪ್ಪಿ ಇಲ್ಲಿ ಸೇರಿಕೊಂಡಿತ್ತು. ಅಂಚೆಯವಳು ಒಂಬತ್ತು ನಿಮಿಷ ಅಲುಗಾಡದೆ ಇದ್ದರೆ ಕತ್ತೆ ಹಗ್ಗ ಜಾರಿಸಿಕೊಂಡು ಬರುತ್ತಿತ್ತು. ಅಚ್ಚುಕಟ್ಟಾದ ದೋಷ. ಕಂಡದ್ದನ್ನೆಲ್ಲ ಬರೆಯಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ, ಅವರೇ ಹೊಸಬರಿಗೆ ಹೇಳಿಕೊಡುವ ಪಾಠ. ಅವತ್ತು ಅವರು ಬರೆಯಲಿಲ್ಲ.

"ನಾಳೆ ಬರೆದ್ರಾಯ್ತು ಅಂದ್ಕೊಂಡೆ. ಮರುದಿನ ಅಲ್ಲೇ ಕೂತು ಊಟ ಮಾಡ್ದೆ, ಬಂತು. ಅದರ ಮರುದಿನಾನೂ ಬಂತು. ಊಟಕ್ಕೆ ಜೊತೆ ಸಿಕ್ತು. ಕತ್ತೆ ಅಂದ್ರೆ ಕತ್ತೆ, ಆದ್ರೂ ಬರ್ತಿತ್ತಲ್ಲ." ವರ್ಷದ ಅತ್ಯುತ್ತಮ ಗೇಮಿಂಗ್ ಅನುಭವ ಇಷ್ಟೇ. ಆರು ವಾರ, ದಿನಕ್ಕೊಮ್ಮೆ, ಒಂಬತ್ತು ನಿಮಿಷದ ಕಾಯುವಿಕೆ. ಕತ್ತೆ ಬರುವ ಹೊತ್ತಿಗೆ ತುತ್ತು ಕೈಯಲ್ಲೇ ಇರುತ್ತಿತ್ತು ಎಂದು ಹೇಳುವಾಗ ಅವರ ಮುಖದಲ್ಲಿ ನಾಚಿಕೆಯೂ ಇದೆ, ಸಂತೋಷವೂ ಇದೆ.

ಅದರಿಂದ ಯಾರಿಗೂ ತೊಂದರೆಯಿಲ್ಲ ಎಂದು ಅವರು ನಂಬಿದ್ದರು. ಈ ವೃತ್ತಿಯವರು ಮಾತ್ರ ಮಾಡಬಹುದಾದ ತಪ್ಪು ಅದು. ಪರೀಕ್ಷಕರಿಗೆ ಪ್ರತಿ ಬೆಳಿಗ್ಗೆ ಆಟದ ಹೊಸ ರೂಪ ಬರುತ್ತದೆ, ಹಿಂದಿನ ದಿನದ್ದನ್ನು ಅಳಿಸಿ ಮೊದಲ ಊರಿನಿಂದ ಶುರು ಮಾಡುತ್ತಾರೆ. ಯಾವ ಪಯಣವನ್ನೂ ಮರುದಿನಕ್ಕೆ ಒಯ್ಯುವುದಿಲ್ಲ. "ನಮಗೆ ನಿನ್ನೆ ಅನ್ನೋದೇ ಇಲ್ಲ ನೋಡಿ," ಎನ್ನುತ್ತಾರೆ. "ಆಡೋರಿಗೆ ಇರುತ್ತೆ. ಅದು ನನ್ನ ತಲೆಗೆ ಹೊಳೀಲೇ ಇಲ್ಲ." ಕತ್ತೆ ಗೂಟದಿಂದ ಕಳಚಿ ಬಂದಿರುವಾಗ ಯಂತ್ರ ಆರಿಸಿದರೆ, ಕತ್ತೆ ಎಲ್ಲೂ ಕಟ್ಟಿಲ್ಲವೆಂದು ಆಟ ತಿಳಿಯುತ್ತಿತ್ತು. ಮಾರನೇ ದಿನ ಎಲ್ಲ ಮೊದಲಿನಿಂದ.

ಮೇ ತಿಂಗಳಲ್ಲಿ ಆಟ ಬಿಡುಗಡೆಯಾಗುತ್ತದೆ. ಜುಲೈ ಹೊತ್ತಿಗೆ ಇನ್ನೂರ ಹದಿಮೂರು ದೂರು. ಎಲ್ಲರದೂ ಒಂದೇ ಸಾಲು: ನನ್ನ ಪಯಣ ಅಳಿಸಿಹೋಗಿದೆ. ಹೆಚ್ಚಿನವರು ಆಟ ಬಿಟ್ಟು ಒಳಗೆ ಹೋಗಿ, ಬಂದು ಗಮನಿಸದೆ ಯಂತ್ರ ಆರಿಸಿದವರು. ಕತ್ತೆಯನ್ನು ಕಂಡ ಕೆಲವರು ಅದು ಆಟದಲ್ಲೇ ಇರುವುದೆಂದುಕೊಂಡು ಸುಮ್ಮನಿದ್ದರು. ಎಂಜಿನಿಯರುಗಳು ಮೂರು ದಿನ ಎಲ್ಲೆಲ್ಲೋ ಹುಡುಕಿ ಸುಸ್ತಾದ ಮೇಲೆ ದೂರುಗಳ ಕಟ್ಟು ಗೋಡೆಯಕ್ಕನ ಮೇಜಿಗೆ ಬರುತ್ತದೆ. ಉದ್ದದ ಕಾಗದಗಳನ್ನು ಪೂರ್ತಿ ಓದುವವರು ಅವರೊಬ್ಬರೇ.

ಒಂದು ಕಾಗದ ಕೈ ಶಸ್ತ್ರಚಿಕಿತ್ಸೆಯಾದ ಹೆಂಗಸಿನದು. ಬೆರಳು ಪಳಗಲಿ ಎಂದು ವೈದ್ಯರು ದಿನಾ ಸ್ವಲ್ಪ ಆಡಲು ಹೇಳಿದ್ದರಂತೆ. ನೋವು ಬಂದಾಗ ಹಾಗೇ ಬಿಟ್ಟು ಕೂರುತ್ತಿದ್ದರಂತೆ. ಆ ಕಾಗದದ ಕೊನೆಯ ಸಾಲುಗಳು ಗೋಡೆಯಕ್ಕನಿಗೆ ಬಾಯಿಪಾಠವಾಗಿವೆ: 'ನಿನ್ನೆ ಕತ್ತೆ ತಾನಾಗಿ ಬಂದು ನನ್ನ ಹೆಗಲ ಮೇಲೆ ತಲೆ ಇಟ್ಟಿತು. ಮನೆಯಲ್ಲಿ ನಾನೊಬ್ಬಳೇ ಇರುವುದು, ಬಹಳ ಖುಷಿಯಾಯಿತು. ಎಬ್ಬಿಸಲು ಮನಸ್ಸಾಗದೆ ಹಾಗೇ ಆರಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮೊದಲ ಊರು. ಐವತ್ತೆಂಟು ದಿನ ನಡೆದದ್ದು ಹೋಯಿತು.'

ಓದುತ್ತಿದ್ದ ಹಾಗೆ, ಇದು ತಾವು ಬರೆಯದೆ ಬಿಟ್ಟ ದೋಷವೇ ಎಂದು ತಿಳಿಯಿತು ಎನ್ನುತ್ತಾರೆ. ಪಾರಾಗುವ ದಾರಿಯೂ ಆ ಕಾಗದದಲ್ಲೇ ಇತ್ತು. ಇದನ್ನು ಮುಂದಿಟ್ಟು, ನೋಡಿ, ಕಾರಣ ಸಿಕ್ಕಿತು ಎಂದಿದ್ದರೆ ಶಭಾಸ್ ಅನ್ನಿಸಿಕೊಳ್ಳಬಹುದಿತ್ತು. ಮಾರ್ಚ್‌ನಿಂದ ಬಚ್ಚಿಟ್ಟದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ನಿಜ ಹೇಳಿದರೆ ಕೆಲಸವೇ ಹೋಗಬಹುದು. ಐವತ್ತರ ಹತ್ತಿರ ಬಂದವರಿಗೆ ಇನ್ನೊಂದು ಕೆಲಸ ಎಲ್ಲಿಂದ ಬರಬೇಕು. ಅರ್ಧ ದಿನ ಆ ಕಾಗದವನ್ನು ಮೇಜಿನ ಖಾನೆಯಲ್ಲಿ ಇಡುವುದು, ತೆಗೆಯುವುದು ಮಾಡಿದರು.

"ಹೆಸರು ಉಳಿಸ್ಕೋಬಹುದಿತ್ತು," ಎನ್ನುತ್ತಾರೆ. "ಆದ್ರೆ ಆಮೇಲೆ ನಾನು ಸರಿಯಿದೆ ಅಂತ ಬರೆಯೋದನ್ನ ನಾನೇ ಹೇಗೆ ನಂಬ್ಲಿ? ಹೊಲಿಗೆ ಬಿಟ್ಟಿರೋದು ನೋಡಿಯೂ ಅಂಗಿ ಮಡಚಿಟ್ಟ ಹಾಗಾಯ್ತಲ್ಲ." ಮಧ್ಯಾಹ್ನ ಮೂರಕ್ಕೆ ಎದ್ದು ಮೇಲ್ವಿಚಾರಕಿಯ ಕೋಣೆಗೆ ಹೋಗುತ್ತಾರೆ. ನಂಗೆ ಇದು ಮೊದ್ಲಿಂದ ಗೊತ್ತಿತ್ತು ಎನ್ನುತ್ತಾರೆ. ಮೇಲ್ವಿಚಾರಕಿ ಯಾಕೆ ಎಂದು ಕೇಳುತ್ತಾರೆ. "ಊಟಕ್ಕೆ ಜೊತೆ ಇತ್ತು ಅಂದೆ. ಅವರು ನನ್ನ ಮುಖ ನೋಡಿದ್ರು, ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಕೆಲಸ ಉಳಿಯಿತು. ಎಚ್ಚರಿಕೆ ಪತ್ರ ಬಂತು, ಹೊಸಬರಿಗೆ ಕಲಿಸುವ ಹೊಣೆ ಹೋಯಿತು. ಕನ್ನಡಕದ ಎಂಜಿನಿಯರೊಬ್ಬರು ನಲವತ್ತು ನಿಮಿಷದಲ್ಲಿ ದೋಷ ತೆಗೆದರು. ಆದರೆ ತೆಗೆದ ದೋಷವನ್ನು ಹಿಡಿದವರೇ ಹತ್ತು ಸಲ ಪರೀಕ್ಷಿಸಿ ಸಹಿ ಹಾಕಬೇಕೆಂಬುದು ಇಲ್ಲಿನ ನಿಯಮ. ಅಂದರೆ ಗೋಡೆಯಕ್ಕ ಅದೇ ಕಟ್ಟೆಯ ಮೇಲೆ ಅಂಚೆಯವಳನ್ನು ಕೂರಿಸಿ, ಸಲಕ್ಕೆ ಹತ್ತು ನಿಮಿಷದಂತೆ, ಕತ್ತೆ ಬರುವುದಿಲ್ಲ ಎಂದು ಹತ್ತು ಸಲ ಖಚಿತಪಡಿಸಬೇಕು. ವರ್ಷದ ಅತಿ ಕೆಟ್ಟ ಗೇಮಿಂಗ್ ಅನುಭವ ಆ ನೂರು ನಿಮಿಷ.

"ಬಂದ್ಬಿಟ್ರೆ ಕೆಲಸ ಕೆಟ್ಟ ಹಾಗೆ. ಬರ್ದೇ ಇದ್ರೆ ನಂಗೆ ಕೆಟ್ಟದು. ಎರಡನ್ನೂ ಬೇಡ್ಕೊಂಡು ಕೂತಿದ್ದೆ. ಒಂಬತ್ತನೇ ನಿಮಿಷಕ್ಕೆ ಅದು ಕಿವಿ ಅಲ್ಲಾಡಿಸ್ತಿತ್ತು ಅಷ್ಟೇ, ಗೂಟದಲ್ಲೇ ನಿಂತಿರ್ತಿತ್ತು. ಏಳನೇ ಸಲಕ್ಕೆ ಅಳು ಬಂತು. ಹೆಡ್‌ಫೋನ್ ಹಾಕಿದ್ರೆ ಅತ್ರೂ ಯಾರಿಗೂ ಗೊತ್ತಾಗಲ್ಲ." ಹತ್ತೂ ಸಲ ಮುಗಿಸಿ, ಸರಿಯಾಗಿದೆ ಎಂದು ಬರೆದು ಸಹಿ ಹಾಕಿದರು.

ಆ ಐವತ್ತೆಂಟು ದಿನ ಕಾಗದ ಬರೆದ ಹೆಂಗಸಿಗೆ ಮರಳಿ ಸಿಗಲಿಲ್ಲ. ಆಟಗಾರರಿಗೆ ಪರೀಕ್ಷಕರು ಕಾಗದ ಬರೆಯುವಂತಿಲ್ಲ. ಹಾಗಾಗಿ ಆ ಹೆಂಗಸಿನ ಬೆರಳು ಈಗ ಹೇಗಿದೆಯೋ, ಆಟ ಮತ್ತೆ ಶುರು ಮಾಡಿದರೋ ಇಲ್ಲವೋ, ಗೋಡೆಯಕ್ಕನಿಗೆ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಅಷ್ಟೂ ದಾರಿ ಅವರ ಜೊತೆ ಮತ್ತೆ ನಡೆದುಬಿಡಬೇಕು ಅನ್ನಿಸುತ್ತದಂತೆ.

ಕಳೆದ ತಿಂಗಳು ಕನ್ನಡಕದ ಎಂಜಿನಿಯರು ಮಾತಿನ ನಡುವೆ ಒಂದು ವಿಷಯ ಹೇಳಿದರು. ಹಗ್ಗ ಉದ್ದ ಮಾಡಿದರೆ ಕತ್ತೆ ಗೂಟ ಬಿಡದೆಯೂ ಕಟ್ಟೆಯವರೆಗೆ ಬರಬಹುದು, ಯಾರ ಪಯಣವೂ ಅಳಿಯುವುದಿಲ್ಲ, ಅರ್ಧ ದಿನದ ಕೆಲಸ. ಆದರೆ ಮೇಲಿನವರು ಕೇಳದೆ ಅವರು ಮಾಡುವಂತಿಲ್ಲ. ಹೀಗಿದ್ದರೆ ಚೆನ್ನ ಎಂದು ಸಲಹೆ ಕೊಡಲು ಪರೀಕ್ಷಕರಿಗೆ ಜಾಗವೇ ಇಲ್ಲ, ಅವರ ಕೈಲಿರುವುದು ದೋಷದ ನಮೂನೆ ಒಂದೇ. ಗೋಡೆಯಕ್ಕ ಅದನ್ನೇ ತುಂಬಿ ಕಳಿಸಿದರು. ಮೇಲ್ವಿಚಾರಕಿ ಕರೆದು, ಇದು ದೋಷ ಅಲ್ವಲ್ಲ ಎಂದರಂತೆ. ನಂಗೆ ದೋಷ ಅಂತಾನೇ ಕಾಣುತ್ತೆ ಮೇಡಂ ಎಂದು ಇವರು ಹೇಳಿ ಬಂದರು. ನಾಲ್ಕು ವಾರವಾಯಿತು, ಅದನ್ನು ತಿರಸ್ಕರಿಸಿಲ್ಲ, ಒಪ್ಪಿಯೂ ಇಲ್ಲ.

ಆ ನಮೂನೆಯಲ್ಲಿ ಮೂರು ಪ್ರಶ್ನೆ. ನೀವು ಏನು ಮಾಡಿದಿರಿ? 'ಕಟ್ಟೆಯ ಮೇಲೆ ಹತ್ತು ನಿಮಿಷ ಒಬ್ಬಳೇ ಕೂತಿದ್ದೆ.' ಏನಾಯಿತು? 'ಯಾರೂ ಬರಲಿಲ್ಲ.' ಮೂರನೆಯದು, ಏನಾಗಬೇಕಿತ್ತು.

"ಎಂಟು ವರ್ಷದಲ್ಲಿ ಆ ಜಾಗ ತುಂಬೋಕೆ ಅಷ್ಟು ಹೊತ್ತು ತಗೊಂಡಿದ್ದು ಅದೊಂದೇ ಸಲ," ಎನ್ನುತ್ತಾರೆ ಗೋಡೆಯಕ್ಕ. "ಬರ್ಬೇಕಿತ್ತು ಅಂತ ಬರೆದೆ. ಅದ್ರಲ್ಲಿ ಒಂದಕ್ಷರ ಸುಳ್ಳಿಲ್ಲ."