ಹಗೇವಿನಲ್ಲಿಟ್ಟ ಸಿಗಾರು

ಮಿಡಿಗೇಶಿ ಕೋಟೆಯ ಬುಡದಲ್ಲಿ ನಾಲ್ಕು ತಲೆಮಾರಿನಿಂದ ಮನೆ ಮಾಡಿಕೊಂಡಿರುವ ವಂಶದ ರಾಮಾಂಜನೇಯ, ಇಪ್ಪತ್ತನಾಲ್ಕು ವರ್ಷ ಸೈನ್ಯದ ಅಧಿಕಾರಿಗಳ ಮೆಸ್ಸಿನಲ್ಲಿ ದುಡಿದು, 2007ರ ಜನವರಿ 31ರಂದು ಹವಾಲ್ದಾರನಾಗಿ ನಿವೃತ್ತನಾದ. ಕುಡಿತವನ್ನು ಅಲ್ಲಿಯೇ ಬಿಟ್ಟು ಬಂದ. ಸಿಗಾರಿನ ರುಚಿಯನ್ನು ಬಿಡಲಾಗಲಿಲ್ಲ. ಅವನ ಕೈಯೂಟ ಉಂಡಿದ್ದ ಕರ್ನಲ್ ಒಬ್ಬರು ಪ್ರತಿ ಡಿಸೆಂಬರಿನಲ್ಲಿ ಪುಣೆಯಿಂದ ಇಪ್ಪತ್ತೈದು ಸಿಗಾರುಗಳ ಪಾರ್ಸೆಲು ಕಳುಹಿಸುತ್ತಿದ್ದರು. ಕ್ಯೂಬಾದವು, ನಿಕರಾಗುವಾದವು, ಹೊಂಡುರಾಸಿನವು, ಎಲ್ಲವೂ ಬೆರೆತಿರುತ್ತಿದ್ದವು.

ಒಬ್ಬನೇ ಸೇದಿದರೆ ಹೋಲಿಸಿ ನೋಡುವ ಸುಖವಿಲ್ಲ. ಅದಕ್ಕೆ ಜೊತೆಯಾದವರು ಪ್ರಾಥಮಿಕ ಶಾಲೆಯ ಭೀಮರಾಜು ಮೇಷ್ಟ್ರು. ಊರಾಚೆಯ ಕಾಲೊನಿಯ ಬೌದ್ಧ ಮನೆತನದವರು, ಅಳೆದು ಮಾತಾಡುವವರು. 2009ರ ಜೂನ್ 14, ಭಾನುವಾರ, ಇಬ್ಬರೂ ಒಂದೇ ಸಿಗಾರನ್ನು ಕೈಯಿಂದ ಕೈಗೆ ದಾಟಿಸುತ್ತ ಸೇದಿದರು. ಬೀದಿಗೆ ಕಾಣುವ ಜಗಲಿಯ ಮೇಲೆ, ಮೇಷ್ಟ್ರ ತುಟಿಯಿಂದ ಬಂದದ್ದನ್ನು ರಾಮಾಂಜನೇಯ ತನ್ನ ತುಟಿಗಿಟ್ಟುಕೊಂಡ. ಎಂಜಲಿನ ಮಾತು ಊರಿನಲ್ಲಿ ತಿಂಗಳುಗಟ್ಟಲೆ ನಡೆಯಿತು. ಅವನು ಲೆಕ್ಕಿಸಲಿಲ್ಲ. ತನ್ನ ಮಟ್ಟಿಗೆ ಜಾತಿಯೆಂಬುದು ಅಂದೇ ಮುಗಿಯಿತೆಂದು ನಂಬಿದ್ದ.

ಅಂದಿನಿಂದ ತಿಂಗಳಿಗೆ ಎರಡು ಭಾನುವಾರ ಅವರ ಪರೀಕ್ಷೆ. ಸಿಗಾರಿನ ಕಾಗದದ ಉಂಗುರವನ್ನು ರಾಮಾಂಜನೇಯನ ಹೆಂಡತಿ ಚಿಕ್ಕಕ್ಕ ಮೊದಲೇ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಯಾವ ದೇಶದ್ದೆಂದು ಇವರು ರುಚಿಯಿಂದಲೇ ಹೇಳಬೇಕು.

"ಇದು ಕ್ಯೂಬಾದ್ದೇ ಮೇಷ್ಟ್ರೇ. ನಮ್ ಕರ್ನಲ್ ಸಾಹೇಬ್ರು ಸೇದ್ತಿದ್ದಿದ್ದು ಇದೇ."

"ನಿಮ್ ಕರ್ನಲ್ ಮೂಸಿದ್ದೆಲ್ಲಾ ಕ್ಯೂಬಾನೇ ಅಂತೀರ. ಮೊದ್ಲು ಹುರುಳಿ ಹುರ್ದಂಗಿತ್ತು, ಈಗ ಬೆಲ್ಲ ಸೀದಂಗೆ ಬತ್ತೈತೆ. ನಿಕರಾಗುವಾ ಅಂತ ಬರ್ಕೊಳ್ಳಿ."

ಚಿಕ್ಕಕ್ಕ ಗಂಟು ಬಿಚ್ಚಿದರೆ ಹತ್ತರಲ್ಲಿ ಏಳು ಸಲ ಮೇಷ್ಟ್ರೇ ಗೆದ್ದಿರುತ್ತಿದ್ದರು.

2022ರ ಡಿಸೆಂಬರ್ 19ರಂದು ಬಂದ ಪಾರ್ಸೆಲಿನಲ್ಲಿ ಕರ್ನಲರ ಮಗನ ಪತ್ರವಿತ್ತು. ತಂದೆ ತೀರಿಕೊಂಡರು, ಮನೆಯಲ್ಲಿ ಉಳಿದಿದ್ದವು ಇವೇ, ಇನ್ನು ಬರುವುದಿಲ್ಲ ಎಂದು ಬರೆದಿದ್ದ. ಕೊನೆಯ ಇಪ್ಪತ್ತೈದನ್ನು ಕಾಪಾಡುವುದೇ ರಾಮಾಂಜನೇಯನಿಗೆ ಚಿಂತೆಯಾಯಿತು. ಪಾವಗಡದ ಕಡೆಯ ಬೇಸಿಗೆ ಗಾಳಿಗೆ ಸಿಗಾರಿನ ಮೇಲೆಲೆ ಒಡೆದು ಉದುರುತ್ತದೆ. ಅದಕ್ಕೆ ತಂಪೂ ಬೇಕು, ತೇವವೂ ಬೇಕು. ಹಿತ್ತಲಲ್ಲಿ ಹಿಂದಿನವರು ರಾಗಿ ತುಂಬುತ್ತಿದ್ದ ಹಗೇವು ಬರಿದಾಗಿ ಬಿದ್ದಿತ್ತು. ನೆಲದೊಳಕ್ಕೆ ಹನ್ನೆರಡು ಅಡಿ ಆಳ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. 2023ರ ಮಾರ್ಚ್ 5ರಂದು ನಾಲ್ಕು ಹೊರೆ ರಾಗಿಹುಲ್ಲನ್ನು ನೀರಿನಲ್ಲಿ ನೆನೆಸಿ ಮೇಲಿನಿಂದಲೇ ಒಳಗೆ ಸುರಿದು, ಉಳಿದಿದ್ದ ಇಪ್ಪತ್ತು ಸಿಗಾರುಗಳ ತಗಡಿನ ಪೆಟ್ಟಿಗೆಯನ್ನು ನಾರಿನ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಚಪ್ಪಡಿ ಮುಚ್ಚಿ ಸುತ್ತ ಮಣ್ಣು ಮೆತ್ತಿದ.

ನಲವತ್ತೊಂಬತ್ತು ದಿನ ಕಳೆದು, ಏಪ್ರಿಲ್ 23, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರೂ ಸೇರಿ ಚಪ್ಪಡಿ ಸರಿಸಿದರು. ಹಗ್ಗ ಎಳೆದಾಗ ತೇವಕ್ಕೆ ಕೊಳೆತಿದ್ದ ನಾರು ಕಿತ್ತು ಪೆಟ್ಟಿಗೆ ತಳಕ್ಕೆ ಬಿತ್ತು. ರಾಮಾಂಜನೇಯ ಏಣಿ ತಂದು ಇಳಿಸಿದ.

"ದೀಪ ಬುಟ್ಟು ನೋಡ್ರಿ ಮೊದ್ಲು," ಎಂದಳು ಚಿಕ್ಕಕ್ಕ. "ಅತ್ತೆ ಇದ್ದಾಗ ದೀಪ ಉರುದ್ರೇನೇ ಇಳೀತಿದ್ರು. ಇಲ್ದಿದ್ರೆ ಗಾಳಿ ಆಡ್ಲಿ ಅಂತ ಒಂದಿನ ಹಂಗೇ ಬಾಯಿ ತೆಗ್ದಿಡ್ತಿದ್ರು."

"ಅದು ರಾಗಿ ತುಂಬಿದ್ರೆ ಕಣೇ. ಇದ್ರಾಗೆ ಏನೈತೆ, ಬರೀ ಹುಲ್ಲು. ದೀಪ ಬ್ಯಾಡ ಮೇಷ್ಟ್ರೇ, ಏನೂ ಆಗಲ್ಲ."

ಮೇಷ್ಟ್ರು ಚಪ್ಪಲಿ ಬಿಟ್ಟು ಪಂಚೆ ಎತ್ತಿ ಕಟ್ಟಿದರು. ಯಾರು ಇಳಿಯಬೇಕೆಂಬ ಮಾತೇ ಅಲ್ಲಿ ಬರಲಿಲ್ಲ. "ಸೋತೋರು ಇಳೀಬೇಕು ಹವಾಲ್ದಾರ್ರೇ, ಗೆದ್ದೋನು ಇಳೀತಾವ್ನೆ ನೋಡ್ರಿ," ಎಂದು ನಗುತ್ತ ಕೆಳಗೆ ಹೋದರು. "ಸಿಕ್ತು," ಎಂದದ್ದು ಕೇಳಿಸಿತು. ಆಮೇಲೆ, ದಣಿದವರು ಕೂರುವಂತೆ, ಹುಲ್ಲಿನ ಮೇಲೆ ಮೆಲ್ಲಗೆ ಕೂತುಬಿಟ್ಟರು. ಕರೆದರೆ ತಲೆಯೆತ್ತಲಿಲ್ಲ. ಏಣಿಗೆ ಕಾಲಿಟ್ಟ ರಾಮಾಂಜನೇಯನ ಸೊಂಟವನ್ನು ಚಿಕ್ಕಕ್ಕ ಎರಡು ಕೈಯಲ್ಲಿ ಹಿಡಿದು ಕೂಗಿಕೊಂಡಳು. ಬೀದಿಯವರು ಬಂದು, ಕೊಕ್ಕೆ ಹಾಕಿ ಮೇಲೆತ್ತುವ ಹೊತ್ತಿಗೆ ಹತ್ತೂ ಐವತ್ತು. ಉಸಿರು ಇರಲಿಲ್ಲ. ನೆನೆದ ಹುಲ್ಲು ಕೊಳೆತು ಒಳಗಿನ ಗಾಳಿಯನ್ನು ಕೆಡಿಸಿತ್ತು ಎಂದು ವೈದ್ಯರು ಹೇಳಿದರು.

ಪೊಲೀಸರು ಕೇಳಿದಾಗ ರಾಮಾಂಜನೇಯನ ಬಾಯಿಂದ ಬಂದದ್ದು ಒಂದೇ ವಾಕ್ಯ: "ದೀಪ ಇಳಿಸೋಣ, ತಡೀರಿ ಅಂದೆ ಸಾರ್, ಅವರು ಕೇಳಲಿಲ್ಲ." ಚಿಕ್ಕಕ್ಕ ಪಕ್ಕದಲ್ಲಿದ್ದಳು, ನೆಲ ನೋಡಿದಳು. ಪೊಲೀಸರು ಅದನ್ನು ಆಕಸ್ಮಿಕ ಸಾವೆಂದು ಬರೆದುಕೊಂಡರು. ಊರಿನಲ್ಲಿ ಆ ವಾಕ್ಯ ಬೆಳೆಯಿತು. ಬೇಡವೆಂದರೂ ಚುಟ್ಟದ ಆಸೆಗೆ ಬಿದ್ದು ಮೇಷ್ಟ್ರು ಸತ್ತರೆಂದು ಹೋಟೆಲಿನಲ್ಲಿ ನಗುತ್ತ ಹೇಳಿಕೊಂಡರು. ಮೂವತ್ತೆಂಟು ವರ್ಷ ಪಾಠ ಹೇಳಿದವರ ಹೆಸರಿಗೆ ಅಷ್ಟೇ ಉಳಿಯಿತು. ಅದನ್ನು ಅಳಿಸಬೇಕಾದವನು ತಾನೇ ಎಂಬುದು ರಾಮಾಂಜನೇಯನಿಗೆ ಗೊತ್ತಿತ್ತು.

ಮೇ 7, ಭಾನುವಾರ, ಅವನು ಕಾಲೊನಿಗೆ ಹೋದ. ಮೇಷ್ಟ್ರ ಹೆಂಡತಿ ದಾಸಮ್ಮ ಅಂಗಳದಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು.

"ಬಾ ಅಣ್ಣ, ಕುಂತ್ಕ."

ಅವನು ಕೂರಲಿಲ್ಲ. "ದಾಸಮ್ಮ, ದೀಪ ಬ್ಯಾಡ ಅಂದೋನು ನಾನು. ಮೇಷ್ಟ್ರದು ಏನೂ ತಪ್ಪಿಲ್ಲ. ಟೇಸನ್ನಾಗೆ ಸುಳ್ ಹೇಳ್ದೆ."

ಸುತ್ತಿಗೆ ನಿಂತಿತು. ಅವಳು ಕೈಗೆ ಅಂಟಿದ ನಾರನ್ನು ಬಿಡಿಸಿಕೊಂಡಳು.

"ಅದಿರ್ಲಿ. ನೀವ್ಯಾಕೆ ಇಳೀಲಿಲ್ಲ ಹವಾಲ್ದಾರ್ರೇ?"

ಮಂಡಿನೋವೆನ್ನಲು ಬಾಯಿ ತೆರೆದ. ಹಿಂದಿನ ತಿಂಗಳಷ್ಟೇ ಕೋಟೆ ಹತ್ತಿಳಿದಿದ್ದ. ನಿಜವಾದ ಉತ್ತರ ಅವನಿಗೆ ಆ ಅಂಗಳದಲ್ಲಿಯೇ ಮೊದಲ ಬಾರಿಗೆ ಹೊಳೆದದ್ದು: ಏಣಿ ಇಟ್ಟಾಗ, ತಾನು ಇಳಿಯಬಹುದೆಂಬುದು ಮನಸ್ಸಿಗೇ ಬಂದಿರಲಿಲ್ಲ.

"ನಿಮ್ ಹಟ್ಟಿ ಹಗೇವಿಗೆ ನಮ್ ಮಾವ ಇಳೀತಿದ್ರು, ಅವರಪ್ಪ ಇಳೀತಿದ್ರು," ಎಂದಳು ದಾಸಮ್ಮ. "ಇಳೀಬಾರ್ದು ಅಂತ್ಲೇ ಇವರು ಓದಿದ್ದು. ನಂತಾವ ಹೇಳಿದ್ರೆ ಏನ್ ಬಂತು? ಅಲ್ಲೋಗಿ ಹೇಳಿ."

ಮರುದಿನ ಅವನು ಠಾಣೆಗೆ ಹೋದ. "ಮುಗ್ದೋಗಿರೋದನ್ನ ಯಾಕೆ ಕೆದಕ್ತೀರಿ ಹಿರಿಯರೇ," ಎಂದರು ಪೊಲೀಸರು. ಅವನು ಕೂತಲ್ಲಿಂದ ಏಳಲಿಲ್ಲ. ಸಂಜೆ ನಾಲ್ಕಕ್ಕೆ ಹೇಳಿಕೆ ಬರೆಸಿ ಸಹಿ ಹಾಕಿದ; ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪ ಅವನ ಮೇಲೆ ದಾಖಲಾಯಿತು. ಹೋಟೆಲಿನ ನಗು ಅಲ್ಲಿಗೆ ನಿಂತಿತು. ಮೇಷ್ಟ್ರ ಹೆಸರೆತ್ತುವುದನ್ನೇ ಜನ ಬಿಟ್ಟರು. ರಾಮಾಂಜನೇಯನ ಜಗಲಿಗೂ ಯಾರೂ ಬರದಾದರು.

ಮೊಕದ್ದಮೆ ಮಧುಗಿರಿಯಲ್ಲಿ ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ದಾಸಮ್ಮನೂ ತಪ್ಪದೆ ಬರುತ್ತಾಳೆ. ಇಬ್ಬರೂ ಎಂಟೂಕಾಲರ ಬಸ್ಸಿಗೇ ಹತ್ತಬೇಕು. 2024ರ ನವೆಂಬರ್ 18ರಂದು ಅವಳ ಪಕ್ಕದ ಸೀಟೊಂದೇ ಖಾಲಿಯಿತ್ತು. ಕಂಡಕ್ಟರು, "ಕುಂತ್ಕಳಿ ಯಜಮಾನ್ರೇ," ಎಂದ. ರಾಮಾಂಜನೇಯ ಅವಳ ಕಡೆ ನೋಡಿದ. ದಾಸಮ್ಮ ಕೈಚೀಲವನ್ನು ತೊಡೆಯ ಮೇಲಿಂದ ತೆಗೆದು ಆ ಸೀಟಿನ ಮೇಲಿಟ್ಟಳು. ಅವನು ಮಧುಗಿರಿಯವರೆಗೂ ನಿಂತೇ ಹೋದ.